ದೇವರ ಕ್ಯಾಲೆಂಡರಿನಲ್ಲಿ ಬರೆಯದ ದಿನ

ಹೋದ ವರ್ಷ ತಂಗಿಯ ಮಗಳ ಜೊತೆ ಆಸ್ಪತ್ರೆಗೆ ಹೋಗಿದ್ದೆ. ಅವಳ ಗರ್ಭಕೋಶದ ಎರಡೂ ಬದಿಯ ನಳಿಕೆಗಳು ತೆರೆದಿವೆಯೋ ಮುಚ್ಚಿವೆಯೋ ನೋಡಬೇಕಿತ್ತು. ಈಗ ಅದಕ್ಕೆ ಎಕ್ಸ್-ರೇ ಕೂಡ ಬೇಕಿಲ್ಲವಂತೆ. ಒಳಗೆ ನೊರೆಯಂಥ ದ್ರವ ಬಿಟ್ಟು ಸೋನೋಗ್ರಫಿ ಯಂತ್ರ ಹಿಡಿದರೆ ಸಾಕು, ಅದು ಹರಿಯುವ ದಾರಿಯೆಲ್ಲ ಟೀವಿಯಂಥ ಪರದೆಯ ಮೇಲೆ ಬೆಳ್ಳಗೆ ಕಾಣುತ್ತದೆ. ಗಂಡನೂ ಪಕ್ಕದಲ್ಲೇ ನಿಂತು ನೋಡಿದನಂತೆ. ಅರ್ಧ ಗಂಟೆಯೊಳಗೆ ಹುಡುಗಿ ಹೊರಗೆ ಬಂದು, "ಏನೂ ಇಲ್ಲ ದೊಡ್ಡವ್ವ, ಒಂದೀಟು ಹೊಟ್ಟಿ ಹಿಂಡಿದಂಗ ಆತು" ಅಂದು, ಚಹಾ ಕುಡಿದು ಕಚೇರಿಗೆ ಹೋದಳು.

ಇದೇ ಪ್ರಶ್ನೆಗೆ ಉತ್ತರ ಸಿಗಲು ನನ್ನ ಕಾಲದಲ್ಲಿ ಎಷ್ಟು ಜನ ಸೇರಿದ್ದೆವೆಂದು ಅವಳಿಗೆ ಹೇಳಬೇಕೆನಿಸಿತು. ಆದರೆ ಅವಳು ಆಗಲೇ ಗಾಡಿ ಏರಿದ್ದಳು. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ನನ್ನ ತವರು ಖಾನಾಪುರ. ಹೆಂಚಿನ ಕಾರ್ಖಾನೆಗಳ ಕಡೆಗಿನ ಓಣಿ. ಬೇಸಿಗೆಯಲ್ಲಿ ಊಟದ ತಾಟಿನ ಮೇಲೂ ಕೆಂಪು ಧೂಳು ಕೂರುತ್ತಿತ್ತು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಮದುವೆಯಾಗಿ ಬೆಳಗಾವಿಯ ಟಿಳಕವಾಡಿಗೆ ಬಂದೆ. ಬಂದ ಮೇಲೆ ತಿಳಿದದ್ದೇನೆಂದರೆ, ಬೆಳಗಾವಿಯಲ್ಲೇ ಹುಟ್ಟಿ ಬೆಳೆದ ನನ್ನ ಗಂಡ ಖಾನಾಪುರದಲ್ಲಿ ಕಟ್ಟಿಗೆ ಅಡ್ಡೆಯೊಂದರ ಗುಮಾಸ್ತರು. ಅಲ್ಲೇ ಒಂದು ಖೋಲಿಯಲ್ಲಿ ಇರುತ್ತಾರೆ. ಗಂಡನಿಲ್ಲದ ಅತ್ತೆಗೆ ಮನೆಯಲ್ಲಿ ಸೊಸೆ ಬೇಕು, ಹೀಗಾಗಿ ನಾನು ಟಿಳಕವಾಡಿಯಲ್ಲಿ. ನಮ್ಮ ಮದುವೆಯೆಂದರೆ ಇಬ್ಬರೂ ಊರು ಬದಲಿಸಿಕೊಂಡ ಹಾಗೆ. ಅವರು ವಾರಕ್ಕೊಮ್ಮೆ ನನ್ನ ತವರಿನಲ್ಲಿ ಊಟ ಮಾಡುತ್ತಿದ್ದರು. ನಾನು ದಿನವೂ ಅವರ ತಾಯಿಗೆ ಅಡುಗೆ ಮಾಡುತ್ತಿದ್ದೆ. ಇದರಲ್ಲಿ ವಿಚಿತ್ರವೇನೂ ಯಾರಿಗೂ ಕಂಡಿರಲಿಲ್ಲ. ಖರೇ ಹೇಳಬೇಕೆಂದರೆ, ನನಗೂ ಕಂಡಿರಲಿಲ್ಲ.

ಅಡ್ಡೆಯಲ್ಲಿ ವಾರದ ರಜೆ ಇರಲಿಲ್ಲ. ತಿಂಗಳ ನಾಲ್ಕು ರಜೆಯನ್ನು ಒಟ್ಟಿಗೆ ತೆಗೆದುಕೊಳ್ಳಬೇಕು. ಯಾವ ನಾಲ್ಕು ಎಂಬುದನ್ನು ನನ್ನ ಅತ್ತೆ ಅಂಚೆ ಕಾರ್ಡಿನಲ್ಲಿ ಬರೆದು ತಿಳಿಸುತ್ತಿದ್ದರು.

ಅದಕ್ಕೆ ಕಾರಣವಿತ್ತು. ಮದುವೆಯಾಗಿ ವರ್ಷ ಕಳೆದರೂ ಏನೂ ಆಗದಿದ್ದಾಗ ಅತ್ತೆ ನನ್ನನ್ನು ಡಾಕ್ಟರ್ ಬಾಯಿ ಎಂದು ಎಲ್ಲರೂ ಕರೆಯುವ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ಆ ದವಾಖಾನೆಯ ಬೆಂಚು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ. ಅದರ ಕೆಳಗೆ ನಾಲ್ಕು ಹೆತ್ತವರು, ಐದು ಹೆತ್ತವರು, ನಳಿಕೆ ಮುಚ್ಚಿಸಿಕೊಳ್ಳಲು ಬಂದು ಸಾಲಾಗಿ ಕೂತಿರುತ್ತಿದ್ದರು. ಅವರ ನಡುವೆ, ತೆರೆಸಿಕೊಳ್ಳಬೇಕಾದೀತೇನೋ ಎಂದು ಹೆದರಿ ಬಂದ ನಾನು. ಒಬ್ಬಾಕೆ ಮಡಿಲ ಕೂಸನ್ನು ನನ್ನ ತೊಡೆಯ ಮೇಲೆ ಇಟ್ಟು, "ಒಂದೀಟು ಹಿಡೀವಾ, ನಾ ಆಪರೇಷನ್ನಿಗೆ ಹೆಸರು ಬರಿಸಿ ಬರತೇನಿ" ಎಂದು ಒಳಗೆ ಹೋಗಿದ್ದಳು. ಸರಕಾರಕ್ಕೂ ನನಗೂ ಆ ದಿನಗಳಲ್ಲಿ ಯಾವ ವಿಷಯದಲ್ಲೂ ಹೊಂದಾಣಿಕೆ ಇರಲಿಲ್ಲ.

ಡಾಕ್ಟರ್ ಬಾಯಿ ಮಾತು ಕಡಿಮೆ ಆಡುವ ಹೆಂಗಸು. "ಮುಟ್ಟಿನ ಲೆಕ್ಕದಾಗ ಹನ್ನೆರಡನೇ ದಿನದಿಂದ ಹದಿನಾರರ ತನಕ ಗಂಡ-ಹೆಂಡತಿ ಕೂಡಿ ಇರ್ಲಿ" ಅಂದರು. ಅಂದದ್ದು ಅತ್ತೆಗೆ. ನಾನು ಕಾಲ್ಬೆರಳು ನೋಡುತ್ತ ನಿಂತಿದ್ದೆ; ಹಿರಿಯರ ಮುಂದೆ ಇಂಥ ಮಾತು ಬಂದಾಗ ಎಲ್ಲಿ ನೋಡಬೇಕೆಂದು ನನ್ನ ಅಜ್ಜಿ ಕಲಿಸಿದ್ದು ಅದೇ.

ಅತ್ತೆಗೆ ಎಣಿಸುವ ಕೆಲಸವೊಂದು ಸಿಕ್ಕಿತು. ರವಿವಾರ ಪೇಟೆಯ ಕಿರಾಣಿ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಅಡುಗೆಮನೆಯ ಬಾಗಿಲ ಬಾಜುವಿಗೆ ತೂಗುತ್ತಿತ್ತು. ಮೇಲೆ ಲಕ್ಷ್ಮಿಯ ಚಿತ್ರ, ಕೆಳಗೆ ತಾರೀಖು. ಅದರ ಮೇಲೆ ಅತ್ತೆ ಕುಂಕುಮದಿಂದ ಚುಕ್ಕಿ ಇಟ್ಟು, ಅಲ್ಲಿಂದ ಬೆರಳು ಮಡಚಿ ಎಣಿಸಿ, ಹನ್ನೆರಡನೆಯ ದಿನಕ್ಕೆ ಮಗ ಬರುವ ಹಾಗೆ ಕಾರ್ಡು ಹಾಕುತ್ತಿದ್ದರು. ಮಗ ಬಂದ ಸಂಜೆಯೇ ತಾವು ಅನಗೋಳದ ತಂಗಿಯ ಮನೆಗೆ ನಾಲ್ಕು ದಿನ ಹೋಗುತ್ತಿದ್ದರು. ಮೂರು ಖೋಲಿಯ ಮನೆ. ಅವರ ಹೃದಯ ದೊಡ್ಡದು. ಅತ್ತೆ ಕೈಚೀಲ ಹಿಡಿದು ಹೊರಟರೆ ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು, "ಏನ್ರೀ, ಅನಗೋಳಕ್ಕೇನು?" ಎಂದು ಕೇಳಿ, ನನ್ನ ಕಡೆ ನೋಡಿ ಸೆರಗು ಬಾಯಿಗೆ ಹಿಡಿಯುತ್ತಿದ್ದರು. ಇಷ್ಟೆಲ್ಲ ವ್ಯವಸ್ಥೆಯಿದ್ದೂ ಎರಡು ವರ್ಷ ಏನೂ ಆಗಲಿಲ್ಲ.

ಆಗ ಅನಗೋಳದ ಚಿಕ್ಕತ್ತೆ ಒಂದು ಜಾತಕ ತಂದರು.

ತಮ್ಮ ಗಂಡನ ಕಡೆಯ ಹುಡುಗಿ, ಹತ್ತೊಂಬತ್ತು ವರ್ಷ, ಮನೆಯಲ್ಲಿ ಎಲ್ಲರಿಗೂ ಮಕ್ಕಳು. ಈ ಕೊನೆಯದನ್ನು ಎರಡು ಸಲ ಹೇಳಿದರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಬಡಿತ ನಿಲ್ಲಿಸಿದರೆ ಕೇಳಿಸಿಕೊಂಡೆನೆಂದು ಗೊತ್ತಾಗುತ್ತದೆ, ಬಡಿದರೆ ಕೇಳಿಸುವುದಿಲ್ಲ. ಮೆಲ್ಲಗೆ ಬಡಿದೆ. ಆ ರೊಟ್ಟಿ ಅರ್ಧ ಬೆರಳು ದಪ್ಪವಾಯಿತು.

"ಎರಡನೇದು ಮಾಡ್ಕೊಳ್ಳಾಕ ಕಾಯದೆ ಬಿಡಾಂಗಿಲ್ಲಲ್ಲ" ಅಂದರು ಅತ್ತೆ.

"ಕಾಯದೆ ಕೋರ್ಟಿನ್ಯಾಗ ಇರತೈತಿ ಅಕ್ಕಾ, ನಮ್ಮ ಮನ್ಯಾಗ ಎಲ್ಲಿಂದ ಬರತೈತಿ? ಇಕಿನ್ನ ಖಾನಾಪುರಕ್ಕ ಕಳಸು. ತವರುಮನಿ, ಉಂಡು ಆರಾಮ ಇರಲಿ. ಬ್ಯಾಡಂದವರು ಯಾರು?"

ಅತ್ತೆ ಎಷ್ಟೆಂದರೂ ನ್ಯಾಯದ ಹೆಂಗಸು. ಕೊನೆಗೆ ಅಂದರು: "ಡಾಕ್ಟರ್ ಬಾಯಿ ಹೊಟ್ಯಾಗ ಬಣ್ಣ ಹಾಕಿ ಎಕ್ಸ್-ರೇ ಫೋಟೋ ತಗಸೂಣು ಅಂದಾಳ. ಅದು ಆಗಲಿ. ನಳಿಗೋಳು ಬಂದ್ ಅದಾವು ಅಂತ ಬಂದ್ರ ಇಕಿನ್ನ ಕಳಸೂಣು. ಜಾತಕ ಇಲ್ಲೇ ಇರಲಿ."

ತೆರೆದಿವೆ ಅಂತ ಬಂದರೆ ಏನು ಮಾಡುವುದೆಂದು ಇಬ್ಬರೂ ಮಾತಾಡಲಿಲ್ಲ. ಜಾತಕವನ್ನು ದೇವರ ಮಾಡದಲ್ಲಿ ಗಂಟೆಯ ಹಿಂದೆ ಇಟ್ಟರು. ಅಂದಿನಿಂದ ದಿನವೂ ಬೆಳಿಗ್ಗೆ ದೀಪ ಹಚ್ಚುವಾಗ ನನ್ನ ಸವತಿಗೂ ಒಂದು ನಮಸ್ಕಾರ ಹೋಗುತ್ತಿತ್ತು.

ಆ ತಿಂಗಳು ರಜೆಗೆ ಬಂದ ಗಂಡನನ್ನು ಕೇಳಿದೆ: "ಬಂದ್ ಅಂತ ಬಂದ್ರ ನೀವು ಏನ್ ಮಾಡ್ತೀರಿ?"

ಅವರು ಕಟ್ಟಿಗೆಯ ದಿಮ್ಮಿಯನ್ನು ಟೇಪು ಹಿಡಿದು ಅಳೆಯುವವರು, ಅಂದಾಜಿನಲ್ಲಿ ಏನೂ ಹೇಳರು. "ಮೊದಲ ಫೋಟೋ ಬರ್ಲಿ" ಅಂದರು. ದೀಪ ಆರಿಸಿ, "ಅವ್ವನ ಮಾತು ನಾ ಎಂದೂ ಮೀರಿಲ್ಲ" ಎಂದು ಸೇರಿಸಿದರು. ಅದು ಉತ್ತರವೋ ದುಃಖವೋ ನನಗೆ ತಿಳಿಯಲಿಲ್ಲ. ಅವರಿಗೂ ತಿಳಿದಿರಲಿಕ್ಕಿಲ್ಲ.

ಬಣ್ಣದ ಫೋಟೋ ಎಂದಮೇಲೆ ನಮ್ಮ ಮನೆಯಲ್ಲಿ ಮೊದಲ ಚರ್ಚೆ ಯಾವ ಬಣ್ಣ ಎಂಬುದು. ಕೆಂಪಾದರೆ ಶುಭ, ಕರಿಯದು ಹಾಕಿಸಬಾರದು, ಸೀರೆಗೆ ಹತ್ತಿದರೆ ಹೋಗುವುದಿಲ್ಲ, ಹಳೆಯದೇ ಉಟ್ಟುಕೊ. ಮುಟ್ಟು ಮುಗಿದ ಮೇಲೆ, ಹತ್ತನೆಯ ದಿನದ ಒಳಗೆ ಬರಬೇಕು ಎಂದು ಡಾಕ್ಟರ್ ಬಾಯಿ ಹೇಳಿದ್ದರು. ಅತ್ತೆ ಎಣಿಸಿ, ಒಂದು ದಿನ ಕೈಯಲ್ಲಿರಲಿ ಎಂದು ಒಂಬತ್ತನೆಯ ದಿನ ಟಾಂಗಾ ಹಿಡಿದು ಹೊರಟರು. ಡಾಕ್ಟರಿಗೆ ಸಂಶಯ ಬರಬಾರದೆಂದು ಕ್ಯಾಲೆಂಡರನ್ನೂ ಮೊಳೆಯಿಂದ ಬಿಚ್ಚಿ, ಸುರುಳಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡಿದ್ದರು.

"ಇವತ್ತಿಗೆ ಎಷ್ಟನೇ ದಿನ?" ಅಂದರು ಡಾಕ್ಟರ್ ಬಾಯಿ.

"ಒಂಬತ್ತು" ಅಂದರು ಅತ್ತೆ, ಪರೀಕ್ಷೆಯಲ್ಲಿ ಮೊದಲು ಕೈ ಎತ್ತಿದ ಹುಡುಗಿಯ ಹಾಗೆ.

ಡಾಕ್ಟರ್ ಬಾಯಿ ನನ್ನ ಕಡೆ ತಿರುಗಿದರು. "ನೀ ಹೇಳವಾ."

ಮೂರು ವರ್ಷದಲ್ಲಿ ನಾನು ಅತ್ತೆಯ ಮಾತಿಗೆ ಎದುರು ಹೇಳಿದ್ದಿಲ್ಲ. ಆದರೆ ಮುಟ್ಟಿನ ನಾಲ್ಕು ದಿನ ಹಿತ್ತಲ ಕಟ್ಟೆಯ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದವಳು ನಾನು. ಎಂದು ಕೂತೆನೆಂದು ನನಗೆ ಗೊತ್ತಿರದೇ ಇರುತ್ತದೆಯೇ? ಕಾಲ್ಬೆರಳು ನೋಡುತ್ತಲೇ ಅಂದೆ: "ಹದಿಮೂರು ರೀ."

ಅತ್ತೆ ಟೇಬಲ್ಲಿನ ಮೇಲೆ ಕ್ಯಾಲೆಂಡರ್ ಬಿಡಿಸಿದರು. ಸುರುಳಿ ಮತ್ತೆ ಮುದುಡದಂತೆ ಡಾಕ್ಟರ್ ಬಾಯಿ ಒಂದು ತುದಿಗೆ ಬಿ.ಪಿ. ನೋಡುವ ಪೆಟ್ಟಿಗೆ ಇಟ್ಟರು. ಲಕ್ಷ್ಮಿ ನಾಲ್ಕೂ ಕೈ ಚಾಚಿ ನಮ್ಮನ್ನು ನೋಡುತ್ತಿದ್ದಳು.

"ಆಯೀ, ಈ ಚುಕ್ಕಿ ಯಾವ ದಿನದ್ದು?"

"ಇಕಿ ಒಳಗ ಬಂದ ದಿನದ್ದು. ನಾಕನೇ ದಿನಾ ತಲಿಮ್ಯಾಲೆ ನೀರು, ಐದನೇ ದಿನಾ ಅಡಗಿಮನಿ. ಅವತ್ತು ನಾ ಚುಕ್ಕಿ ಇಡತೇನಿ."

"ಹೊರಗ ಕುಂತ ದಿನಾ ಎಲ್ಲಿ ಬರದೀರಿ?"

"ಅಯ್ಯ, ಅದನ್ಯಾಕ ಬರೀಲಿ? ದೇವರ ಫೋಟೋ ಐತಲ್ರಿ ಅದರಾಗ!"

ಡಾಕ್ಟರ್ ಬಾಯಿ ಪೆನ್ನು ಕೆಳಗಿಟ್ಟರು. ನಗಲಿಲ್ಲ, ನಕ್ಕಿದ್ದರೆ ನನಗೆ ಹಗುರಾಗುತ್ತಿತ್ತು. "ನಾವು ಎಣಿಸೂದು ಹೊರಗ ಕುಂತ ಮೊದಲ್ನೇ ದಿನದಿಂದ. ನೀವು ಎಣಿಸಿದ್ದು ಐದನೇದರಿಂದ. ಎರಡು ವರ್ಷ ಮಗಗ ಹನ್ನೆರಡನೇ ದಿನಾ ಅಂತ ಕರಸೀರಲ್ಲ, ಅದು ಹದಿನಾರು. ಹದಾ ಹೋದ ಮ್ಯಾಲೆ ಬಿತ್ತಿಗಿ ಮಾಡಿದಂಗಾತು. ಈಗೆಲ್ಲಿ ಅದಾನ ಮಗ? ಇವತ್ತ ನಾಳೆ ಇಲ್ಲಿ ಇರಬೇಕಾಗಿತ್ತು."

"ಖಾನಾಪುರದಾಗ. ಕಾರ್ಡ್ ಹಾಕೇನ್ರಿ. ಇನ್ನ ಮೂರು ದಿನಕ್ಕ ಬರತಾನ" ಅಂದರು ಅತ್ತೆ, ದನಿ ಇಳಿದಿತ್ತು.

ಆ ದಿನ ಫೋಟೋ ಆಗಲಿಲ್ಲ. ಹತ್ತು ದಾಟಿದ ಮೇಲೆ ಒಳಗೆ ಜೀವ ಮೂಡಿದ್ದರೆ ಎಕ್ಸ್-ರೇ ಅದಕ್ಕೆ ಕೇಡು ಎಂದರು ಡಾಕ್ಟರ್ ಬಾಯಿ. "ಜೀವಾ ಮೂಡಿದ್ರ ನಿಮ್ಮ ಬಾಗಲಕ್ಕ ಯಾಕ ಬರತಿದ್ವಿ?" ಎಂದು ಅತ್ತೆ ಗೊಣಗಿದರು. ಮನೆ ಮುಟ್ಟಿದ ಮೇಲೆ ಕ್ಯಾಲೆಂಡರನ್ನು ಮೊಳೆಗೆ ಹಾಕಿ, ಲಕ್ಷ್ಮಿಗೆ ಕೈಮುಗಿದು, "ನಾಕು ದಿನಾ ಮನ್ಯಾಗ ಇರಲಾರದಾಕಿನ್ನ ನಾ ಹೆಂಗ ಎಣಿಸ್ಲಿ?" ಎಂದು ಅವಳನ್ನೇ ಕೇಳಿದರು. ನಾನು ಇರುತ್ತಿದ್ದುದು ಹತ್ತು ಹೆಜ್ಜೆಯಾಚೆಯ ಹಿತ್ತಲಲ್ಲಿ.

ಮುಂದಿನ ತಿಂಗಳು ಅವರಿಗೆ ನಿಜವಾಗಿಯೂ ಕಷ್ಟವಾಯಿತು. ಮೊದಲ ದಿನವನ್ನು ಬರೆಯಲೇಬೇಕು. ದೇವರ ಕ್ಯಾಲೆಂಡರಿನಲ್ಲಿ ಬರೆಯುವಂತಿಲ್ಲ. ಯೋಚಿಸಿ ಯೋಚಿಸಿ, ಹಿತ್ತಲ ಬಾಗಿಲ ಹೊರಗೆ, ನಾನು ಕೂರುವ ಕಟ್ಟೆಯ ಮೂಲೆಗೆ, ಒಂದು ಒಡಕು ಬಟ್ಟಲು ಇಟ್ಟರು. "ದಿನಾ ಒಂದು ಹುಣಸಿಬೀಜ ಹಾಕು. ನಾ ದೂರದಿಂದ ನೋಡತೇನಿ" ಅಂದರು. ನಾಲ್ಕು ದಿನ ನಾನು ಹಾಕಿದೆ, ಐದರಿಂದ ಅವರೂ ಮುಟ್ಟಿ ಹಾಕಿದರು. ಒಂದು ದಿನ ಬಾಜೂ ಮನೆಯ ಕೋಳಿ ಬಂದು ಬಟ್ಟಲು ಕೆದರಿತು. ಅತ್ತೆ ಕಿರುಚಿಕೊಂಡು ಓಡಿಬಂದು ಮಣ್ಣಲ್ಲಿ ಬೀಜ ಹುಡುಕಿದ ರೀತಿ ನೋಡಿದವರು, ಬಂಗಾರ ಕಳೆದಿದೆ ಅಂದುಕೊಳ್ಳಬೇಕು. ಎಂಟು ಬೀಜ ಆದ ದಿನ ಹೊರಟೆವು. ಅನಗೋಳದ ಚಿಕ್ಕತ್ತೆ ಫಲಿತಾಂಶ ಕೇಳಲು ಬೆಳಿಗ್ಗೆಯೇ ಬಂದು ನಮ್ಮ ಮನೆಯಲ್ಲಿ ಕೂತಿದ್ದರು. ಆ ಹುಡುಗಿಗೆ ಬೇರೆ ಕಡೆಯಿಂದಲೂ ಕೇಳುತ್ತಿದ್ದಾರೆ, ಇಂದು ಒಂದು ಮಾತು ಹೇಳಿಬಿಡಿ ಎಂದರು.

ಎಕ್ಸ್-ರೇ ಖೋಲಿಯಲ್ಲಿ ಬಾವಿಯೊಳಗಿನಂಥ ತಂಪು. ಕಬ್ಬಿಣದ ಮೇಜು. ಗಾಜಿನ ಹಿಂದೆ ಒಬ್ಬ ವಯಸ್ಸಾದ ಮನುಷ್ಯ. ಪಾಪ, ನನ್ನ ಮುಖ ಬಿಟ್ಟು ಎಲ್ಲಾದರೂ ನೋಡಬೇಕಾದಾಗ ಗೋಡೆ ನೋಡುತ್ತಿದ್ದ. ಡಾಕ್ಟರ್ ಬಾಯಿ ಕೈಯಲ್ಲಿ ಸಿರಿಂಜು. ಅದರಲ್ಲಿದ್ದ ಬಣ್ಣ ನೋಡಿದೆ: ಕೆಂಪೂ ಅಲ್ಲ, ಕಪ್ಪೂ ಅಲ್ಲ, ಬರೀ ನೀರು. ಇದಕ್ಕಾಗಿ ಹಳೆಯ ಸೀರೆ ಉಟ್ಟು ಬಂದಿದ್ದೆನಲ್ಲ ಅನ್ನಿಸಿತು. ಆಮೇಲೆ ಏನೂ ಅನ್ನಿಸಲಿಲ್ಲ. ಹೊಟ್ಟೆಯನ್ನು ಯಾರೋ ಒದ್ದೆ ಬಟ್ಟೆಯಂತೆ ಎರಡೂ ಕಡೆಯಿಂದ ಹಿಂಡಿದರು.

"ಉಸಿರು ಹಿಡೀರಿ" ಅಂದ ಗಾಜಿನ ಹಿಂದಿನ ಮನುಷ್ಯ.

ಹಿಡಿದೆ. ಆ ಉಸಿರಿನಲ್ಲಿ ನನಗೆ ಕಂಡದ್ದು ತವರಿನ ಪಡಸಾಲೆ. ಅವ್ವ ಬಾಗಿಲಲ್ಲಿ ನಿಂತಿದ್ದಾಳೆ, ಓಣಿಯವರು "ಯಾವಾಗ ಬಂದೀ? ಎಂದು ಹೋಗ್ತೀ?" ಎಂದು ಕೇಳುತ್ತಾರೆ. ಎರಡನೆಯ ಪ್ರಶ್ನೆಗೆ ಉತ್ತರವಿಲ್ಲ. ಅದೊಂದು ಪ್ರಶ್ನೆಗೆ ಹೆದರಿ ಆ ಮೇಜಿನ ಮೇಲೆ ಮಲಗಿದ್ದೆ ನಾನು. ಮಕ್ಕಳ ಆಸೆ ಅದರ ನಂತರದ್ದು.

ಫಿಲ್ಮು ತೊಳೆದು ಬರುವ ತನಕ ಅತ್ತೆ ಹೊರಗೆ ಜಪ ಮಾಡುತ್ತಿದ್ದರು. ಯಾವ ಉತ್ತರಕ್ಕಾಗಿ ಜಪ ಎಂದು ನಾನು ಕೇಳಲಿಲ್ಲ. ಡಾಕ್ಟರ್ ಬಾಯಿ ಹಸಿ ಫಿಲ್ಮನ್ನು ಬೆಳಕಿನ ಪೆಟ್ಟಿಗೆಯ ಮೇಲೆ ಸಿಕ್ಕಿಸಿದರು. ಕತ್ತಲಲ್ಲಿ ಒಂದು ಸಣ್ಣ ಬಿಳಿಯ ತ್ರಿಕೋನ, ತಲೆಕೆಳಗಾದದ್ದು. ದವಾಖಾನೆಯ ಗೋಡೆಯ ಮೇಲೆ ಸರಕಾರ ಕೆಂಪಗೆ ಬರೆಸಿದ್ದೇ ಇದು! ಅದರ ಎರಡೂ ಮೂಲೆಯಿಂದ ದಾರದ ಎಳೆಯಂಥ ಗೆರೆ ಹೊರಟು, ತುದಿಯಲ್ಲಿ ಹೊಗೆಯ ಹಾಗೆ ಹರಡಿತ್ತು.

"ಬಣ್ಣ ಎರಡೂ ಕಡೆ ಹೊರಗ ಬಿದ್ದೈತಿ ನೋಡ್ರಿ ಆಯೀ. ತೆರದಾವ. ಇಕಿದೇನೂ ದೋಷ ಇಲ್ಲ."

ನನಗೆ ಅಳು ಬರಬೇಕಿತ್ತು, ಬರಲಿಲ್ಲ. ಅತ್ತೆ ಮಾತ್ರ ಪೆಟ್ಟಿಗೆಯ ಹತ್ತಿರ ಹತ್ತಿರ ಹೋಗಿ, ಮೂಗು ತಾಗುವಷ್ಟು ಬಗ್ಗಿ ನೋಡಿದರು.

"ನಂದೂ ಹಿಂಗಽ ಇದ್ದೀತೇನ್ರಿ?"

"ಎಲ್ಲಾರದೂ ಹಿಂಗಽ ಇರತೈತ್ರಿ."

"ಇಷ್ಟಽ?" ಅಂದರು. ಹೆಬ್ಬೆರಳು ತೋರುಬೆರಳಿನ ನಡುವೆ ಅಳತೆ ಹಿಡಿದು, ಅದನ್ನೇ ನೋಡಿಕೊಂಡರು. "ಇಷ್ಟರಾಗ ಏಳು ಮಂದಿ ಇದ್ರು ನಂಗ. ಉಳದದ್ದು ಒಬ್ಬಾವ." ಆಮೇಲೆ ಬಹಳ ಹೊತ್ತು ಅಲ್ಲಿಂದ ಸರಿಯಲಿಲ್ಲ. ಗಾಜಿನ ಹಿಂದಿನ ಮನುಷ್ಯ ದೀಪ ಆರಿಸಲು ಕೈ ಚಾಚಿದವನು, ಹಿಂದಕ್ಕೆ ತೆಗೆದ.

ಡಾಕ್ಟರ್ ಬಾಯಿ ಕೈ ತೊಳೆಯುತ್ತ ಅಂದರು: "ಇನ್ನ ಕಾರ್ಡ್ ಹಾಕೂದು ಬಿಡ್ರಿ ಆಯೀ. ಎಣಿಸೂದಽ ಬ್ಯಾಡ. ಆರು ತಿಂಗಳ ಇಬ್ಬರೂ ಒಂದಽ ಮನ್ಯಾಗ ಇರ್ಲಿ. ಅಷ್ಟಕ್ಕೂ ಆಗಲಿಲ್ಲಂದ್ರ ಮಗಂದೂ ತಪಾಸ ಮಾಡೂಣು."

"ಅವಂದ್ಯಾಕ?" ಅಂದವರು, ಫಿಲ್ಮಿನ ಕಡೆ ಒಮ್ಮೆ ನೋಡಿ ಮಾತು ನುಂಗಿದರು. "ಅವ ಬರಾಂಗಿಲ್ರಿ, ಅಡ್ಡೇದ ಕೆಲಸ."

"ಹಂಗಾರ ಇಕಿನ್ನ ಅಲ್ಲಿಗೆ ಕಳಸ್ರಿ."

ಅತ್ತೆ ನನ್ನನ್ನೇ ದಿಟ್ಟಿಸಿದರು, ನಾನೂ ಡಾಕ್ಟರೂ ಮೊದಲೇ ಮಾತಾಡಿಕೊಂಡು ಬಂದಿದ್ದೇವೇನೋ ಎಂಬಂತೆ.

ಮನೆಯಲ್ಲಿ ಚಿಕ್ಕತ್ತೆ ಚಪ್ಪಲಿ ಬಿಡುವುದಕ್ಕೂ ಬಿಡಲಿಲ್ಲ. "ಏನಾತಕ್ಕಾ?"

ಅತ್ತೆ ಕಿಟಕಿಯ ಹತ್ತಿರ ಹೋಗಿ, ಕಂದು ಲಕೋಟೆಯಿಂದ ಫಿಲ್ಮು ತೆಗೆದು ಬೆಳಕಿಗೆ ಹಿಡಿದರು. ತಲೆಕೆಳಗಾಗಿ ಹಿಡಿದಿದ್ದರು, ನಾನು ತಿದ್ದಲಿಲ್ಲ. "ನೋಡು. ಎರಡೂ ತೆರದಾವ."

"ಹಂಗಾರ ದೋಷ ಯಾರದು?" ಚಿಕ್ಕತ್ತೆಯ ಬಾಯಿಂದ ಜಾರಿಬಿಟ್ಟಿತು. ಜಾರಿದ ಮೇಲೆ ಅವರೂ ಗೋಡೆಯ ಮೇಲಿದ್ದ ನನ್ನ ಗಂಡನ ಫೋಟೋ ನೋಡಿದರು, ಅತ್ತೆಯೂ ನೋಡಿದರು. ಮೆಟ್ರಿಕ್ ಪಾಸಾದಾಗ ತೆಗೆಸಿದ್ದು. ಕ್ರಾಪು ತೀಡಿ, ಏನೂ ತಿಳಿಯದ ಹುಡುಗನಂತೆ ಕೂತಿದ್ದರು.

ಅತ್ತೆ ದೇವರ ಮಾಡಕ್ಕೆ ಹೋಗಿ ಜಾತಕ ತಂದು ತಂಗಿಯ ಕೈಗಿಟ್ಟರು. "ತಗೊಂಡು ಹೋಗು. ಆ ಹುಡುಗಿ ಬಂದು ಮತ್ತ ಎರಡು ವರ್ಷ ಹಿಂಗಽ ಕುಂತ್ರ, ಆಗ ಊರ ಮಂದಿ ಯಾರ ಕಡೆ ನೋಡತಾರ?"

ಹೀಗೆ ನನ್ನ ಸಂಸಾರ ಉಳಿಯಿತು. ನಾನು ಒಳ್ಳೆಯವಳೆಂದಲ್ಲ, ನಳಿಕೆ ತೆರೆದಿವೆಯೆಂದೂ ಪೂರ್ತಿ ಅಲ್ಲ. ಮಗನ ಮೇಲೆ ಮಾತು ಬಂದೀತೆಂದು. ಯಾವ ಕಾರಣಕ್ಕೆ ಉಳಿದರೇನು ಎಂದು ಆ ದಿನ ಹೊಟ್ಟೆ ಹಿಡಿದುಕೊಂಡು ಮಲಗಿದ ನನಗೆ ಅನ್ನಿಸಿತ್ತು. ಸಂಜೆ ಅತ್ತೆಯೇ ಬೆಲ್ಲ, ಶುಂಠಿ ಹಾಕಿ ಕುದಿಸಿ ತಂದರು. ಲೋಟ ಕೊಡುತ್ತ, ಎಲ್ಲೋ ನೋಡುತ್ತ, "ಲೆಕ್ಕಾ ನಂದು ತಪ್ಪಿತ್ತು" ಅಂದರು. ಅವರು ಎಂದಾದರೂ ತಪ್ಪು ಒಪ್ಪಿದ್ದುಂಟೆ ಎಂದು ಯಾರಾದರೂ ಕೇಳಿದರೆ ನಾನು ಈ ಒಂದನ್ನು ಹೇಳಬಲ್ಲೆ. ಮೂವತ್ತು ವರ್ಷ ಅವರ ಸೊಸೆಯಾಗಿದ್ದೆ, ಎರಡನೆಯದು ನೆನಪಿಗೆ ಬರುತ್ತಿಲ್ಲ.

ವಾರದೊಳಗೆ ಗಂಡ ಬಂದು ನನ್ನನ್ನು ಕರೆದುಕೊಂಡು ಹೋದರು. ಅನಗೋಳದ ಚಿಕ್ಕತ್ತೆ ಅಕ್ಕನ ಜೊತೆ ಇರಲು ಬಂದರು. ಈ ಸಲ ಊರು ಬದಲಿಸುವ ಸರದಿ ಅವರದು. ಮಗಳು ಹುಟ್ಟಿದ್ದು ಮರುವರ್ಷದ ಶ್ರಾವಣದಲ್ಲಿ. ಯಾವ ದಿನದ ಫಲವೋ, ಯಾರೂ ಎಣಿಸಿರಲಿಲ್ಲ.

ಗಂಡನ ಜೊತೆ ಹೊರಟ ಆ ದಿನ ಖಾನಾಪುರದ ಸ್ಟ್ಯಾಂಡಿನಲ್ಲಿ ಇಳಿದು ಮೊದಲು ತವರಿಗೇ ಹೋದೆವು. ಗಂಡ ಅಂಗಡಿಯಲ್ಲಿ ಸೀಮೆಎಣ್ಣೆ ಸ್ಟೋವು ಕೊಳ್ಳುತ್ತ ಹಿಂದೆ ಉಳಿದರು. ಟ್ರಂಕು ಹೊತ್ತ ಹಮಾಲನ ಜೊತೆ ನಾನೊಬ್ಬಳೇ ಓಣಿ ಹೊಕ್ಕೆ. ಹಬ್ಬವಿಲ್ಲ, ಮದುವೆಯಿಲ್ಲ, ಜೊತೆಗೆ ಗಂಡನಿಲ್ಲ; ಇಡೀ ಟ್ರಂಕು. ಅವ್ವ ಬಾಗಿಲಲ್ಲಿ ನಿಂತವಳು ಟ್ರಂಕನ್ನು ನೋಡಿದಳು, ನನ್ನ ಬಾಡಿದ ಮುಖ ನೋಡಿದಳು, ಹೊಸ್ತಿಲ ಮೇಲೆ ಕುಸಿದು ಕೂತು ಅಳತೊಡಗಿದಳು. ಬಾಜೂ ಮನೆಯಾಕೆಯೂ ಬಂದು ಕೈ ಹಿಡಿದು ಅತ್ತಳು.

"ಅವ್ವಾ, ಹಂಗಲ್ಲ" ಅಂದೆ. "ಅವರೂ ಬಂದಾರ. ನಾವು ಇಲ್ಲೇ ಇರತೇವಿ, ಕೂಡಿ."

"ನನ್ನ ಮುಂದ ಸುಳ್ಳ ಹೇಳಬ್ಯಾಡ" ಅಂದು ಇನ್ನೂ ಜೋರು ಮಾಡಿದಳು.

ಅಷ್ಟರಲ್ಲಿ ಗಂಡ ಒಂದು ಕೈಯಲ್ಲಿ ಸ್ಟೋವು, ಇನ್ನೊಂದು ಕಂಕುಳಲ್ಲಿ ಹಾಸಿಗೆಯ ಸುತ್ತು ಹಿಡಿದು ಓಣಿಯ ತಿರುವಿನಲ್ಲಿ ಕಾಣಿಸಿಕೊಂಡರು. ಅವ್ವ ಅಳು ನಿಲ್ಲಿಸಬೇಕೋ ಮುಂದುವರಿಸಬೇಕೋ ತಿಳಿಯದೆ ಬಾಜೂ ಮನೆಯಾಕೆಯ ಮುಖ ನೋಡಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಬರ್ರಿ, ಕುಂದರ್ರಿ" ಎಂದು ಅಳಿಯನಿಗೆ ಹೇಳಿ, ಕಾಲಿಗೆ ನೀರು ತರಲು ಒಳಗೆ ಓಡಿದಳು.